ನಗರ ಉಷ್ಣದ್ವೀಪ ಮತ್ತು ಎಲೆಗಳ ಬಣ್ಣ ಬದಲಾವಣೆ

ನಗರ ಉಷ್ಣದ್ವೀಪವೆಂದರೆ ಕಾಂಕ್ರೀಟು, ಡಾಂಬರು ಮತ್ತು ವಾಹನಗಳ ಶಾಖದಿಂದ ನಗರವು ಸುತ್ತಲಿನ ಗ್ರಾಮೀಣ ಪ್ರದೇಶಕ್ಕಿಂತ ಬೆಚ್ಚಗಿರುವ ಸ್ಥಿತಿ. ಈ ವ್ಯತ್ಯಾಸವು ರಾತ್ರಿಯಲ್ಲಿ ಹೆಚ್ಚು ಸ್ಪಷ್ಟವಾಗಿರುತ್ತದೆ. ಎಲೆಗಳು ಬಣ್ಣ ಬದಲಿಸಿ ಉದುರುವ ಕಾಲದ ಮೇಲೆ ಇದು ಪ್ರಭಾವ ಬೀರುತ್ತದೆ.

ಸಮಶೀತೋಷ್ಣ ವಲಯದಲ್ಲಿ

ಯುರೋಪ್, ಜಪಾನ್ ಮೊದಲಾದೆಡೆ ಶರತ್ಕಾಲದಲ್ಲಿ ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಎಲೆಯ ಪತ್ರಹರಿತ್ತು ವಿಘಟನೆಗೊಳ್ಳುತ್ತದೆ. ಆಗ ಹಳದಿ ಕೆರೋಟಿನಾಯ್ಡ್‌ಗಳು ಕಾಣಿಸಿಕೊಳ್ಳುತ್ತವೆ; ಕೆಲವು ಜಾತಿಗಳಲ್ಲಿ ಕೆಂಪು ಆಂಥೋಸಯನಿನ್ ಉತ್ಪತ್ತಿಯಾಗುತ್ತದೆ. ನಗರದ ಬೆಚ್ಚನೆಯ ರಾತ್ರಿಗಳು ಮತ್ತು ಬೀದಿದೀಪಗಳು ಈ ಕ್ರಿಯೆಯನ್ನು ಸಾಮಾನ್ಯವಾಗಿ ತಡಮಾಡುತ್ತವೆ.

ಬೆಂಗಳೂರಿನಲ್ಲಿ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹೆಚ್ಚಿನ ಮರಗಳು ಎಲೆ ಉದುರಿಸುವುದು ಶರದೃತುವಿನಲ್ಲಲ್ಲ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ. ದಂಡು ಪ್ರದೇಶ, ಇಂದಿರಾನಗರ ಮುಂತಾದ ಬಡಾವಣೆಗಳಲ್ಲಿ ಕಾಣುವ ಕಾಡುಬಾದಾಮಿಯ ಎಲೆಗಳು ಉದುರುವ ಮುನ್ನ ಕೆಂಪಾಗುತ್ತವೆ. ಹೊಂಗೆಯ ಎಲೆಗಳು ಹಳದಿಯಾಗಿ ಉದುರಿ, ಯುಗಾದಿಯ ಹೊತ್ತಿಗೆ ಮರ ಮತ್ತೆ ಚಿಗುರಿರುತ್ತದೆ.

ಇಲ್ಲಿ ಚಳಿಗಿಂತ ತೇವಾಂಶದ ಕೊರತೆಯೇ ಮುಖ್ಯ ಕಾರಣ. ತಾಪ ಏರಿ, ಬುಡದ ಮಣ್ಣು ಕಾಂಕ್ರೀಟಿನಿಂದ ಮುಚ್ಚಿಹೋದರೆ ಎಲೆಗಳು ಬೇಗನೆ ಉದುರಬಹುದು; ಹಲಸೂರು ಕೆರೆಯ ದಂಡೆಯಂತಹ ತೇವದ ನೆಲದಲ್ಲಿ ಅದೇ ಜಾತಿಯ ಮರ ಹೆಚ್ಚು ಕಾಲ ಹಸಿರಾಗಿರಬಹುದು. ಆದ್ದರಿಂದ ಶೀತದೇಶಗಳ ನಿಯಮವು ಇಲ್ಲಿಗೆ ನೇರವಾಗಿ ಅನ್ವಯಿಸುವುದಿಲ್ಲ.

ವೀಕ್ಷಣೆ

ಇಂತಹ ಬದಲಾವಣೆಯನ್ನು ಗುರುತಿಸಲು ಒಂದೇ ಮರವನ್ನು ಹಲವು ವರ್ಷ ಗಮನಿಸಬೇಕಾಗುತ್ತದೆ. ಭಾರತದ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯಲ್ಲಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರು ತಾವು ಆಯ್ದ ಮರದ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ವಾರಕ್ಕೊಮ್ಮೆ ದಾಖಲಿಸುತ್ತಾರೆ. ರಸ್ತೆ ಅಗಲೀಕರಣಕ್ಕಾಗಿ ಅಂತಹ ಮರವನ್ನು ಕಡಿದರೆ ಅದರ ದಾಖಲೆಯೂ ಅಲ್ಲಿಗೇ ನಿಲ್ಲುತ್ತದೆ.