ಸಿಂಧನೂರಿನಿಂದ ಯಲಹಂಕಕ್ಕೆ ಸ್ವಂತ ವಿಮಾನ: ಎಂಜಿನ್ ಸಿಗುತ್ತೆ, ಅನುಮತಿ ಸಿಗುತ್ತಾ?

ಸಿಂಧನೂರಿನಿಂದ ಯಲಹಂಕದ ವಾಯುನೆಲೆಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಗಂಟೆಗೆ 250 ಕಿ.ಮೀ. ವೇಗದ ಎರಡು ಸೀಟಿನ ವಿಮಾನಕ್ಕೆ ಅದು ಒಂದೂಕಾಲು ಗಂಟೆಯ ಹಾದಿ. ಬಸ್ಸಿಗೆ ಒಂದು ಇಡೀ ರಾತ್ರಿ. ಹಾಗಾದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಾಲ್ಕು ಜನ ಗೆಳೆಯರು ಸೇರಿ ಒಂದು ವಿಮಾನ ಕಟ್ಟಿ, ಅದರಲ್ಲೇ ಏರೋ ಇಂಡಿಯಾ ನೋಡೋಕೆ ಹೋಗಬಹುದಾ?

ನಗಬೇಡಿ. ಅಮೆರಿಕದಲ್ಲಿ ಜನ ಪ್ರತಿ ವರ್ಷ ಮಾಡೋದು ಇದನ್ನೇ. ಅವರಲ್ಲಿ ಕೆಲವರ ವಿಮಾನದ ಎಂಜಿನ್ ಹಳೇ ಮಾಜ್ದಾ ಕಾರಿನದು. ಈ ವಿಷಯದ ಪೂರ್ತಿ ಲೆಕ್ಕ ಇಲ್ಲಿದೆ.

ಮನೆಯಲ್ಲಿ ಕಟ್ಟಿದ ವಿಮಾನ ಅಂದರೇನು?

ಕಾರ್ಖಾನೆಯ ಬದಲು ಮನೆಯ ಶೆಡ್ಡಿನಲ್ಲಿ, ನಕ್ಷೆ ಅಥವಾ ಬಿಡಿಭಾಗಗಳ ಕಿಟ್ ಇಟ್ಟುಕೊಂಡು ಹವ್ಯಾಸಿಗಳು ಕಟ್ಟುವ ವಿಮಾನ. ಅಮೆರಿಕದ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ, ಕಲಿಕೆ ಅಥವಾ ಖುಷಿಗಾಗಿ ಮಾಡಿರಬೇಕು. 1953ರಲ್ಲಿ ಶುರುವಾದ ‘ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್’ ಇವರ ಸಂಘ. ಅದರ ವಾರ್ಷಿಕ ಮೇಳ 1970ರಿಂದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ನಡೆಯುತ್ತಿದೆ. ಈಚಿನ ವರ್ಷಗಳಲ್ಲಿ 10,000ಕ್ಕೂ ಹೆಚ್ಚು ವಿಮಾನಗಳು ಅಲ್ಲಿಗೂ ಸುತ್ತಲಿನ ನಿಲ್ದಾಣಗಳಿಗೂ ಬಂದಿಳಿಯುತ್ತವೆ. ಮಾಲೀಕರು ರೆಕ್ಕೆಯ ಕೆಳಗೇ ಟೆಂಟ್ ಹಾಕಿ ಮಲಗುತ್ತಾರೆ. ನಮ್ಮ ಕಡೆ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ ಅಲ್ಲೇ ಬೀಡುಬಿಡ್ತಿದ್ದರಲ್ಲ, ಹಾಗೆ.

ರೋಟರಿ ಎಂಜಿನ್ ಯಾಕೆ?

ಮೊದಲು ಒಂದು ಗೊಂದಲ ಬಗೆಹರಿಸೋಣ. ಮೊದಲ ಮಹಾಯುದ್ಧದ ವಿಮಾನಗಳಲ್ಲೂ ‘ರೋಟರಿ’ ಎಂಜಿನ್ ಇತ್ತು. ಅದರಲ್ಲಿ ಸಿಲಿಂಡರುಗಳೇ ಗಿರಗಿರ ತಿರುಗುತ್ತಿದ್ದವು. ನಾವು ಹೇಳ್ತಿರೋದು ಅದಲ್ಲ, ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ, 1957ರಲ್ಲಿ ಮೊದಲ ಬಾರಿಗೆ ಓಡಿದ ಎಂಜಿನ್.

ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿದವರಿಗೆ ಗೊತ್ತು: ಪಿಸ್ಟನ್ ಮೇಲೆ ಕೆಳಗೆ ಓಡುತ್ತೆ, ಕನೆಕ್ಟಿಂಗ್ ರಾಡ್ ಆ ಓಟವನ್ನು ತಿರುಗಾಟವಾಗಿ ಬದಲಿಸುತ್ತೆ. ವ್ಯಾಂಕೆಲ್‌ನಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ಮೂರು ಮೂಲೆಯ ರೋಟರ್ ಒಂದು, ಶೇಂಗಾಕಾಯಿ ಆಕಾರದ ಗೂಡಿನೊಳಗೆ ಸುತ್ತುತ್ತದೆ. ಹೀಗಾಗಿ ಭಾಗಗಳು ಕಡಿಮೆ, ನಡುಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಶಕ್ತಿ ಜಾಸ್ತಿ. ಹವ್ಯಾಸಿಗಳ ನೆಚ್ಚಿನದು ಮಾಜ್ದಾದ 13ಬಿ: ಎರಡು ರೋಟರ್, ತಲಾ 654 ಸಿಸಿ. ಒಳಗಿನ ಸೀಲ್ ಒಡೆದರೂ ಎಂಜಿನ್ ಒಮ್ಮೆಲೇ ಹಿಡಿದು ನಿಲ್ಲುವ ಬದಲು, ಶಕ್ತಿ ಕಳೆದುಕೊಂಡು ಓಡುವ ಸಾಧ್ಯತೆಯೇ ಹೆಚ್ಚು. ಆಕಾಶದಲ್ಲಿದ್ದಾಗ ಇದು ಸಣ್ಣ ಮಾತಲ್ಲ.

ಕೊರತೆಗಳೂ ಇವೆ. ಇಂಧನ ಹೆಚ್ಚು ಕುಡಿಯುತ್ತೆ. ಹೊಗೆನಳಿಗೆ ವಿಪರೀತ ಕಾಯುತ್ತೆ, ಸದ್ದೂ ಜೋರು. ಎಂಜಿನ್ ನಿಮಿಷಕ್ಕೆ ಐದಾರು ಸಾವಿರ ಸುತ್ತು ಸುತ್ತುವುದರಿಂದ, ಪ್ರೊಪೆಲ್ಲರಿಗೆ ತಕ್ಕ ವೇಗಕ್ಕೆ ಇಳಿಸಲು ಗಿಯರ್ ಪೆಟ್ಟಿಗೆ ಬೇಕೇ ಬೇಕು.

ಕರ್ನಾಟಕಕ್ಕೆ ಇದು ಹೊಸದಾ?

ಅಲ್ಲವೇ ಅಲ್ಲ. ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನದ ಮೂಲ, ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿಯೇ ರೂಪಿಸಿದ ‘ಲಾಂಗ್-ಈಝಡ್’. ಫೋಮ್ ಕತ್ತರಿಸಿ ಅದರ ಮೇಲೆ ಗಾಜಿನ ನಾರು, ಎಪಾಕ್ಸಿ ಹಚ್ಚಿ ಕಟ್ಟುವ ವಿಮಾನ ಅದು. 1993ರಲ್ಲಿ ಎನ್‌ಎಎಲ್‌ನದೇ ‘ಹಂಸ’ ಹಾರಿತು.

ವ್ಯಾಂಕೆಲ್ ಎಂಜಿನ್ನೂ ಇಲ್ಲಿ ಆಗಿದೆ. ಎನ್‌ಎಎಲ್ ಮತ್ತು ಡಿಆರ್‌ಡಿಒ ಪ್ರಯೋಗಾಲಯಗಳು ಸೇರಿ ಮಾಡಿದ ಸ್ವದೇಶಿ ರೋಟರಿ ಎಂಜಿನ್, 2009ರಲ್ಲಿ ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನವನ್ನು ಹಾರಿಸಿತು. ಅಂದರೆ ಎರಡೂ ವಿದ್ಯೆ ನಮ್ಮ ರಾಜಧಾನಿಯಲ್ಲೇ ಇವೆ, ಅದೂ ಜನರ ತೆರಿಗೆ ದುಡ್ಡಿನಲ್ಲಿ ಕಲಿತದ್ದು. ಆದರೆ ಜನರ ಶೆಡ್ಡಿಗೆ ಅವು ಬರಲಿಲ್ಲ.

ಹಾಗಾದರೆ ತೊಡಕು ಎಲ್ಲಿ?

ಅನುಮತಿಯಲ್ಲಿ. ನಾಗರಿಕ ವಿಮಾನ ಯಾವುದೇ ಇರಲಿ, ನೋಂದಣಿ ಮತ್ತು ಹಾರಾಟದ ಅನುಮತಿ ಕೊಡುವುದು ಡಿಜಿಸಿಎ. ಅದು ಕೇಂದ್ರದ ಸಂಸ್ಥೆ. ಮುಂಬೈನ ಪೈಲಟ್ ಅಮೋಲ್ ಯಾದವ್ ಕತೆ ನೋಡಿ. ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರಲ್ಲಿ ‘ಮೇಕ್ ಇನ್ ಇಂಡಿಯಾ’ ಮೇಳದಲ್ಲಿ ಇಟ್ಟರು. ನೋಂದಣಿ ಆಗಿದ್ದು 2017ರಲ್ಲಿ, ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಮಧ್ಯಪ್ರವೇಶಿಸಿದ ಮೇಲೆ. ಹಾರಾಟದ ಅನುಮತಿ 2019ಕ್ಕೆ. ನೋಂದಣಿ ಸಂಖ್ಯೆ ವಿಟಿ-ಎನ್‌ಎಂಡಿ. ಕೊನೆಯ ಮೂರು ಅಕ್ಷರಗಳು ನರೇಂದ್ರ ಮೋದಿ ಮತ್ತು ದೇವೇಂದ್ರ ಹೆಸರಿನವು. ಮುಖ್ಯಮಂತ್ರಿ ಬಾಗಿಲು ತಟ್ಟಿದರೆ ಮಾತ್ರ ತೆರೆಯೋದಾದರೆ, ಅದು ನಿಯಮ ಅಲ್ಲ, ಕೃಪೆ. ಮಸ್ಕಿಯ ಮೆಕ್ಯಾನಿಕ್ ಯಾರ ಬಾಗಿಲು ತಟ್ಟಬೇಕು?

ಆದರೆ ಅಪಾಯ ಇಲ್ಲವಾ?

ಇದೆ, ಖಂಡಿತ ಇದೆ. ತಜ್ಞರೇ ತುಂಬಿರುವ ಎನ್‌ಎಎಲ್‌ನ ‘ಸರಸ್’ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ಮೂವರು ತೀರಿಕೊಂಡರು. ಹಾಗಾಗಿ ‘ಯಾರು ಬೇಕಾದರೂ ಹಾರಿಸಲಿ ಬಿಡಿ’ ಅನ್ನೋದು ವಾದವೇ ಅಲ್ಲ.

ಅಪಾಯವನ್ನು ಹಂತ ಹಂತವಾಗಿ ಅಳೆಯಬಹುದು ಅನ್ನೋದು ವಾದ. ಅಮೆರಿಕದಲ್ಲಿ ರೂಢಿಯ ಕ್ರಮ ಹೀಗಿದೆ: ಮೊದಲು ತಪಾಸಣೆ. ಆಮೇಲೆ ಜನವಸತಿ ವಿರಳವಾಗಿರುವ ಕಡೆ ಪರೀಕ್ಷಾ ಹಾರಾಟ. ಪ್ರಮಾಣಪತ್ರವಿರುವ ಎಂಜಿನ್–ಪ್ರೊಪೆಲ್ಲರ್ ಜೋಡಿಯಾದರೆ 25 ಗಂಟೆ, ಕಾರಿನ ಎಂಜಿನ್ ಆದರೆ 40 ಗಂಟೆ. ಅಲ್ಲಿಯವರೆಗೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಬಾಡಿಗೆಗೆ ಓಡಿಸುವುದು ಮಾತ್ರ ಯಾವತ್ತೂ ಇಲ್ಲ.

ನಾವು ಕೇಳಬೇಕಾದ್ದೇನು?

1996ರಿಂದ ಯಲಹಂಕದಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ಮುಖ್ಯವಾಗಿ ರಕ್ಷಣಾ ವ್ಯಾಪಾರದ ಪ್ರದರ್ಶನ. ಅಲ್ಲಿ ಸರ್ಕಾರಗಳು, ಕಂಪನಿಗಳು ಮಾತಾಡುತ್ತವೆ, ನಾವು ಕತ್ತೆತ್ತಿ ನೋಡುತ್ತೇವೆ. ತಪ್ಪಲ್ಲ. ಆದರೆ ಕಟ್ಟಿದವರೇ ಹಾರಿಸಿಕೊಂಡು ಬರುವ ಮೇಳ ಬೇರೆಯೇ.

ನಮ್ಮ ಮೂರೂ ತಾಲ್ಲೂಕುಗಳಲ್ಲಿ ಕೈಕಸುಬಿಗೆ ಬರ ಇಲ್ಲ. ಸಿಂಧನೂರಿನ ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಗ್ಯಾರೇಜು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಯಾವುದೂ ಮೆಕ್ಯಾನಿಕ್, ವೆಲ್ಡರ್, ಫಿಟ್ಟರ್‌ಗಳಿಲ್ಲದೆ ಒಂದು ದಿನ ನಡೆಯಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಮಾನ ಅಂದಾಗ ನಾವು ಕೇಳೋದು ನಿಲ್ದಾಣ, ಟಿಕೆಟ್ ದರ ಅಷ್ಟೇ. ಅದರ ಜೊತೆ ಇನ್ನೂ ಮೂರು ಕೇಳೋಣ: ಹವ್ಯಾಸಿ ವಿಮಾನಕ್ಕೆ ಹಂತ, ಶುಲ್ಕ, ಕಾಲಮಿತಿ ಬರೆದಿಟ್ಟ ಅನುಮತಿ ಕ್ರಮ, ಕಟ್ಟುವಾಗಲೇ ಬಂದು ನೋಡುವ ತಪಾಸಕರು, ಪಾಲಿಟೆಕ್ನಿಕ್ ಹುಡುಗರಿಗೂ ಗೇಟು ತೆರೆಯುವ ಒಂದು ಸಣ್ಣ ರನ್‌ವೇ.

ಎಂಜಿನ್ ಹೊಂದಿಸೋದನ್ನು ನಮ್ಮ ಹುಡುಗ ಹುಡುಗಿಯರು ನೋಡಿಕೊಳ್ತಾರೆ.