ಪಾಳಿ

ಪಾಳಿ (ನಾ.): ಸಾಲು, ಸರದಿ, ಕಾರ್ಖಾನೆಯಲ್ಲಿ ಒಂದು ತಂಡ ದುಡಿಯುವ ಹೊತ್ತು. ಸಾಲು ಎಂಬರ್ಥದ ಸಂಸ್ಕೃತದ ‘ಪಾಲಿ’ಯಿಂದ ಬಂದದ್ದು. ಬಳಕೆ: ಹಗಲು ಪಾಳಿ, ರಾತ್ರಿ ಪಾಳಿ, ಪಾಳಿ ಬದಲಾವಣೆ.

ಹೊರಗೆ ದುಡಿದು ಬಂದ ಹೆಂಗಸಿನ ಪಾಲಿಗೆ ಬೀಳುವ ಮನೆಗೆಲಸವನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ‘ಎರಡನೇ ಪಾಳಿ’ ಎಂದು ಕರೆದರು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಿಂದ ಸಂಜೆ ಬಸ್ಸಿಳಿದು ಊರು ಸೇರಿದವಳು ಕೈಕಾಲು ತೊಳೆದು ಮುದ್ದೆಗೆ ಎಸರಿಡುತ್ತಾಳೆ. ಅಷ್ಟೇ ಹೊತ್ತು ದುಡಿದ ಗಂಡ ಜಗಲಿಯ ಮೇಲೆ ಕಾಲು ಚಾಚುತ್ತಾನೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97.

ಪಾಳಿ ಎಂದರೆ ಸರದಿ. ಅಡುಗೆಮನೆಯಲ್ಲೂ ಅದು ಬದಲಾಗಲಿ.