ಡಿಎನ್‌ಎಸ್ ತಡೆಪಟ್ಟಿ

ಸ್ಪ್ಯಾಮ್ ಎಂಬ ಅನಪೇಕ್ಷಿತ ಇ-ಮೇಲನ್ನು ಹೊರಸೂಸುವ ಗಣಕಗಳ ಐಪಿ ವಿಳಾಸಗಳನ್ನು ಸಂಗ್ರಹಿಸಿ, ಜಗತ್ತಿನ ಯಾವುದೇ ಮೇಲ್ ಸರ್ವರ್ ಕ್ಷಣಮಾತ್ರದಲ್ಲಿ ವಿಚಾರಿಸಿ ತಿಳಿಯುವಂತೆ ಡಿಎನ್‌ಎಸ್ (ಗಣಕಗಳ ಹೆಸರುಗಳಿಗೆ ವಿಳಾಸಗಳನ್ನು ತಿಳಿಸುವ ಅಂತರಜಾಲ ವ್ಯವಸ್ಥೆ) ಮೂಲಕ ಪ್ರಕಟಿಸುವ ಪಟ್ಟಿ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಅಮೆರಿಕದಲ್ಲಿ ಇದಕ್ಕೆ ನಾಂದಿ ಹಾಡಿದರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಥಾಪಿಸಿದ ಸ್ಪ್ಯಾಮ್‌ಹೌಸ್ ಸಂಸ್ಥೆಯ ‘ಝೆನ್’ ಈಗ ಸುಪ್ರಸಿದ್ಧವಾದ ಪಟ್ಟಿ.

192.0.2.99 ಎಂಬ ವಿಳಾಸದಿಂದ ಅಂಚೆ ಬಂದಿತೆನ್ನೋಣ. ಸರ್ವರ್ ಆ ಅಂಕಿಗಳನ್ನು ಹಿಂದುಮುಂದಾಗಿಸಿ 99.2.0.192 ಎಂದು ಬರೆದು, ಅದಕ್ಕೆ ಪಟ್ಟಿಯ ಹೆಸರನ್ನು ಜೋಡಿಸಿ ಕೇಳುತ್ತದೆ. 127.0.0.2ರಂತಹ ಉತ್ತರ ದೊರೆತರೆ ವಿಳಾಸವು ಪಟ್ಟಿಯಲ್ಲಿದೆಯೆಂದೂ, ಅಂತಹ ಹೆಸರೇ ಇಲ್ಲವೆಂಬ ಉತ್ತರ ಬಂದರೆ ನಿರ್ದೋಷಿಯೆಂದೂ ಭಾವಿಸುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನು ಮಾಸಗಟ್ಟಲೆ ಅಟ್ಟದಲ್ಲಿ ಒಣಗಿದ ತೆಂಗಿನಕಾಯನ್ನು ಒಡೆಯದೆ, ಕೇವಲ ಅಲುಗಾಡಿಸಿ, ಒಳಗಣ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂಬುದನ್ನು ಸದ್ದಿನಿಂದಲೇ ನಿರ್ಣಯಿಸುವಂತೆ, ಇಲ್ಲಿಯೂ ಒಳಗಣ ಒಕ್ಕಣೆಯನ್ನು ಓದುವ ಮೊದಲೇ ತೀರ್ಮಾನವಾಗುತ್ತದೆ.

ವೀಟ್ಸೆ ವೆನೆಮಾ ರಚಿಸಿದ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ‘ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್’ ಎಂಬ ಆಜ್ಞೆಯ ಮುಂದೆ ಪಟ್ಟಿಯ ಹೆಸರನ್ನು ಬರೆದರೆ ತಡೆ ಜಾರಿಗೆ ಬರುತ್ತದೆ. ಆದರೆ ಆಜ್ಞೆಗಳ ಅನುಕ್ರಮದಲ್ಲಿ ಅತಿಶಯವಾದ ಎಚ್ಚರ ಬೇಕು. ಮನೆಮನೆಯ ಬ್ರಾಡ್‌ಬ್ಯಾಂಡಿಗೆ ಹಂಚಿದ ವಿಳಾಸಗಳು, ಯಾವ ಅಪರಾಧವನ್ನೂ ಎಸಗದಿದ್ದರೂ, ನೇರವಾಗಿ ಅಂಚೆ ಕಳುಹಿಸತಕ್ಕವಲ್ಲವೆಂಬ ಕಾರಣದಿಂದ ಝೆನ್‌ನಲ್ಲಿ ಸೇರಿರಬಹುದಾದುದರಿಂದ, ಪಾಸ್‌ವರ್ಡ್ ಕೊಟ್ಟು ಪ್ರವೇಶಿಸಿದವರಿಗೆ ಅನುಮತಿ ನೀಡುವ ಆಜ್ಞೆಯನ್ನು ಮೊದಲು ಇರಿಸದಿದ್ದಲ್ಲಿ, ತಿಪಟೂರಿನ ಕೊಬ್ಬರಿ ವರ್ತಕನು ತನ್ನ ಮನೆಯಿಂದ ತನ್ನದೇ ಸರ್ವರಿನ ಮೂಲಕ ದೆಹಲಿಯ ಖರೀದಿದಾರನಿಗೆ ಧಾರಣೆ ತಿಳಿಸಲೂ ಅಶಕ್ತನಾಗುವನು.

ಇನ್ನೊಂದು ಅಪಾಯ ಇದಕ್ಕಿಂತ ಗೂಢವಾದುದು. ಸಾರ್ವಜನಿಕ ಡಿಎನ್‌ಎಸ್ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ಸರ್ವರ್) ಮೂಲಕ ವಿಚಾರಿಸಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂಬ ನಿರಾಕರಣೆಯ ಸಂಕೇತವನ್ನು ಕೊಡುತ್ತದೆ. ಉತ್ತರ ಯಾವುದೆಂದು ನೋಡದ ಸರ್ವರ್ ಅದನ್ನೇ ದೋಷಾರೋಪವೆಂದು ತಿಳಿದು ಸಮಸ್ತ ಅಂಚೆಯನ್ನೂ ಹಿಂದಿರುಗಿಸುತ್ತದೆ. ಆದಕಾರಣ ಸ್ವಂತ ಡಿಎನ್‌ಎಸ್ ರಿಸಾಲ್ವರನ್ನು ಇರಿಸಿಕೊಂಡು, 127.0.0.2ರಿಂದ 127.0.0.11ರವರೆಗಿನ ಉತ್ತರಗಳನ್ನು ಮಾತ್ರ ಮಾನ್ಯ ಮಾಡುವುದು ಉಚಿತ. ಆರಂಭದಲ್ಲಿ ಕೆಲವು ದಿನ ‘ವಾರ್ನ್_ಇಫ್_ರಿಜೆಕ್ಟ್’ ಬಳಸಿ, ಯಾವ ಅಂಚೆ ತಡೆಗೊಳ್ಳುತ್ತಿತ್ತೆಂಬುದನ್ನು ಲಾಗ್‌ನಲ್ಲಿ ಪರಿಶೀಲಿಸುವುದೂ ವಿವೇಕಯುತ.

ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ 554 ಸಂಕೇತದೊಡನೆ ಬಾಗಿಲಲ್ಲಿಯೇ ತಿರಸ್ಕರಿಸುವುದರಿಂದ, ತಪ್ಪಾಗಿ ಸಿಕ್ಕಿಬಿದ್ದ ಸಜ್ಜನನಿಗೆ ಅವನ ಸರ್ವರಿನಿಂದ ಕಾರಣಸಹಿತ ತಿಳಿವಳಿಕೆ ಬರುತ್ತದೆ. ಅಂಚೆಯನ್ನು ಸ್ವೀಕರಿಸಿ ಸದ್ದಿಲ್ಲದೆ ಅಳಿಸುವ ಪದ್ಧತಿಗಿಂತ ಇದು ನಿಸ್ಸಂಶಯವಾಗಿ ನ್ಯಾಯವಾದುದು.

ಪಟ್ಟಿಗಳೂ ಶಾಶ್ವತವಲ್ಲ. 2003ರ ಆಗಸ್ಟಿನಲ್ಲಿ ಓಸಿರುಸಾಫ್ಟ್ ಪಟ್ಟಿ ಮುಚ್ಚಿದಾಗ ಪ್ರತಿಯೊಂದು ವಿಳಾಸವನ್ನೂ ದೋಷಿಯೆಂದು ಸಾರಿತು. ಇಂತಹ ಪಟ್ಟಿಯನ್ನು ಗುರುತಿಸಲು ಒಂದು ಉಪಾಯವಿದೆ: 2010ರ ಆರ್‌ಎಫ್‌ಸಿ 5782 ಎಂಬ ಅಂತರಜಾಲ ದಾಖಲೆಯ ಪ್ರಕಾರ 127.0.0.1 ಯಾವ ಪಟ್ಟಿಯಲ್ಲಿಯೂ ಇರಕೂಡದು. ಆ ವಿಳಾಸಕ್ಕೆ ಉತ್ತರ ನೀಡುವ ಪಟ್ಟಿಯನ್ನು ಒಡನೆಯೇ ಕೈಬಿಡತಕ್ಕದ್ದು.